ನಿಂತ ಬಸ್ಸಿಗೂ ತೆರಿಗೆ

ಕೊಳ್ಳೇಗಾಲ
14-6-1964

ಅಕ್ಕ ಶಿವರತ್ನಮ್ಮನಿಗೆ ತಮ್ಮ ಗುರುಪಾದಸ್ವಾಮಿಯ ಶರಣು.

ಬಸ್ಸು ಊರು ಸೇರಿತು. ನೀನು ಕಾಯುತ್ತಿರುತ್ತೀಯೆಂದು ಮೊದಲು ಈ ಮಾತು ಬರೆದೆ. ಕೋಯಮತ್ತೂರಿನಲ್ಲಿ ನೀನೂ ಭಾವನವರೂ ವಿಭೂತಿ ಹಚ್ಚಿ, ಕಾಯಿ ಒಡೆದು ಕಳಿಸಿದ ಗಾಡಿ ಗಡಿಯ ಚೆಕ್‌ಪೋಸ್ಟಿನಲ್ಲಿ ನಿಂತುಬಿಟ್ಟಿತ್ತು. ಮಾರಾಟ ತೆರಿಗೆ ಕಟ್ಟಿದ ರಸೀದಿ ತೋರಿಸಿದೆ. "ಇದು ಮದ್ರಾಸಿನವರದ್ದು. ಮೈಸೂರಿನದ್ದೆಲ್ಲಿ?" ಎಂದರು. ಒಂದು ಗಾಡಿಗೆ ಎರಡು ಸಲ ಯಾಕೆ ಕಟ್ಟಬೇಕು ಎಂದು ಕೇಳಿದೆ. "ಗಾಡಿ ಒಂದೇ, ರಾಜ್ಯ ಎರಡಲ್ಲವೇನ್ರೀ" ಎಂದರು.

ಎಂಟು ವರ್ಷದ ಹಿಂದೆ ಕೊಳ್ಳೇಗಾಲವೇ ಕೋಯಮತ್ತೂರು ಜಿಲ್ಲೆಯಲ್ಲಿತ್ತು. ಅಪ್ಪ ಜಮೀನಿನ ತಕರಾರಿಗೆಲ್ಲ ನಿಮ್ಮ ಊರಿನ ಕಚೇರಿಗೇ ಅಲೆಯುತ್ತಿದ್ದರು. ಆಗ ಯಳಂದೂರಿಗೆ ಹೋಗುವುದೆಂದರೆ ಇನ್ನೊಂದು ರಾಜ್ಯಕ್ಕೆ ಹೋದ ಹಾಗೆ. ಈಗ ಗೆರೆ ಎತ್ತಿ ಈ ಕಡೆಯಿಂದ ಆ ಕಡೆಗೆ ಇಟ್ಟಿದ್ದಾರೆ, ನಾನು ಹೊರಗಿನ ಗಾಡಿ ತಂದವನಾದೆ. ವಾದ ಮಾಡಿ ಸಾಕಾಗಿ ಕಟ್ಟಿದೆ. ಅದಕ್ಕೆ ನಮ್ಮ ಮದುವೆಯಲ್ಲಿ ಚನ್ನಮಲ್ಲಮ್ಮನಿಗೆ ಹಾಕಿದ ಸರ ಮಾರಬೇಕಾಯಿತು. ಅವಳು ಏನೂ ಅನ್ನಲಿಲ್ಲ.

ಡ್ರೈವರ್ ರಂಗನಾಯಕನ ವಿಷಯ ಬರೆಯಬೇಕು. ನಮ್ಮ ಧನಗೆರೆಯವನು, ಮೊದಲು ಮರ ಸಾಗಿಸುವ ಲಾರಿ ಓಡಿಸುತ್ತಿದ್ದ. ನಾನು ಕಾಗದಪತ್ರಕ್ಕೆ ಓಡಾಡುವಾಗ ಅವನು ಚೆಕ್‌ಪೋಸ್ಟಿನ ಬೇವಿನ ಮರದಡಿ ಮೂರು ಕಲ್ಲು ಹೂಡಿಕೊಂಡು ಬಸ್ಸು ಕಾದ. "ಬುದ್ದಿ, ನೀವು ಊರ್ಗೋಗಿ. ಗಾಡಿ ಬುಟ್ಟು ನಾನೆಲ್ಗೂ ಓಗಾಕಿಲ್ಲ" ಎಂದ. ಹೋಗಲೂ ಇಲ್ಲ.

ಯಳಂದೂರಿನಿಂದ ಕೊಳ್ಳೇಗಾಲದ ಮೇಲೆ ಹನೂರಿಗೆ ಪರ್ಮಿಟ್ಟು ಸಿಕ್ಕಿದೆ. ಮೊದಲ ದಿನ ಹನೂರಿನ ಸಂತೆಯವರು ರಾಗಿ ಮೂಟೆ, ಕೋಳಿಗಳ ಸಮೇತ ಹತ್ತಿದರು. ಹೊಸ ಸೀಟೆಲ್ಲ ಕೊಳೆಯಾಯಿತು. ನನಗೆ ಬಹಳ ಸಂತೋಷವಾಯಿತು.

ನಿನ್ನ ತಮ್ಮ
ಗುರುಪಾದ


ಕೋಯಮತ್ತೂರು
3-7-1964

ತಮ್ಮ ಗುರುಪಾದನಿಗೆ ಅಕ್ಕನ ಹರಕೆ.

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. ಕೋಳಿ ಹತ್ತಿದ ಮಾತಿಗೆ ಬಹಳ ನಕ್ಕರು. ತೆರಿಗೆಯ ವಿಷಯ ಬಂದಾಗ, "ಒಬ್ಬೊಬ್ಬನೇ ಓಗಿ ಕೇಳಿದ್ರೆ ಇಂಗೇ. ಬಸ್ಸಿನೋರೆಲ್ಲ ಒಟ್ಗೆ ಸೇರಿ ಕೇಳ್ಬೇಕು ಅಂತ ಬರಿ ನಿನ್ ತಮ್ಮಂಗೆ" ಎಂದರು. ಇವರಿಗೆ ಎಲ್ಲದಕ್ಕೂ ಅದೊಂದೇ ಔಷಧಿ. ಮಿಲ್ಲಿನ ಸಂಘದಲ್ಲಿ ಇವರನ್ನು ಈ ಸಲ ಕಾರ್ಯದರ್ಶಿ ಮಾಡಿದ್ದಾರೆ. ಸಂಜೆಯಾದರೆ ಜಗಲಿಯ ತುಂಬ ಚಪ್ಪಲಿ. ಕಾಫಿ ಕಾಯಿಸಿ ನನ್ನ ಕೈ ಸೋತಿದೆ. ಆದರೂ ಬೇಡವೆನ್ನಲಾರೆ. ಹೋದ ವರ್ಷ ಇವರ ಎರಡು ಬೆರಳು ಯಂತ್ರಕ್ಕೆ ಹೋದಾಗ ಮಿಲ್ಲಿನವರು ಮನೆಗೆ ಕಳಿಸಲು ಹೊರಟಿದ್ದರು. ಆ ಚಪ್ಪಲಿಯವರೇ ಗೇಟಿನಲ್ಲಿ ಕೂತು ಇವರ ಕೆಲಸ ಉಳಿಸಿದ್ದು.

ನನ್ನ ಮೈದುನ ಕೆಂಪನಂಜಪ್ಪನಿಗೆ ನಿನ್ನ ಬಸ್ಸಿನದೇ ಧ್ಯಾನ. ಲಾರಿ ಬಿಟ್ಟು ನಿನ್ನ ಹತ್ತಿರ ಬಂದುಬಿಡುತ್ತೇನೆ ಎನ್ನುತ್ತಾನೆ. ನಿನಗೆ ರಂಗನಾಯಕ ಇದ್ದಾನಲ್ಲ ಎಂದು ಸುಮ್ಮನಿರಿಸಿದ್ದೇನೆ.

ಚನ್ನಮಲ್ಲಮ್ಮ ಏನೂ ಅನ್ನಲಿಲ್ಲ ಎಂದು ಬರೆದಿದ್ದೀಯೆ. ಏನೂ ಅನ್ನದವರನ್ನು ನೋಡಿಕೊಂಡಿರಬೇಕು ತಮ್ಮ.

ನಿನ್ನ ಅಕ್ಕ
ಶಿವರತ್ನ


ಕೊಳ್ಳೇಗಾಲ
20-9-1967

ಅಕ್ಕನಿಗೆ ಶರಣು.

ಬಹಳ ದಿನವಾಯಿತು ಬರೆದು. ಬರೆಯುವಂಥದ್ದು ಇರಲಿಲ್ಲ. ಇದ್ದದ್ದೆಲ್ಲ ತೆರಿಗೆಯ ಸುದ್ದಿ. ಟೈರು ತಂದರೆ ಅದಕ್ಕೆ ಮಾರಾಟ ತೆರಿಗೆ, ಬ್ಯಾಟರಿ ತಂದರೆ ಅದಕ್ಕೂ. ಅದರ ಮೇಲೆ ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಮುಂಗಡ ಕಟ್ಟಬೇಕು. ಸೀಟಿನಲ್ಲಿ ಜನ ಕೂತರೋ ಇಲ್ಲವೋ ಅವರಿಗೆ ಬೇಕಿಲ್ಲ. ಮಳೆಗಾಲದಲ್ಲಿ ಹೊಳೆ ಬಂದು ದಾರಿ ಕಟ್ಟಿದರೂ ಕಟ್ಟಬೇಕು.

ಇದೆಲ್ಲ ಸಹಿಸಿಕೊಂಡಿದ್ದೆ. ಈಗ ಮೈಸೂರಿನಿಂದ ಯಾರೋ ಬಂದು ಬಸ್ ಸ್ಟ್ಯಾಂಡಿನಲ್ಲಿ ಬಾವುಟ ನೆಟ್ಟು ಹೋಗಿದ್ದಾರೆ. ಮೋಟಾರು ಕೆಲಸಗಾರರ ಸಂಘವಂತೆ. ಇಲ್ಲಿಗೆ ಅದರ ಮುಖಂಡ ಯಾರು ಗೊತ್ತೆ? ನಮ್ಮ ರಂಗನಾಯಕ.

ನಿನ್ನೆ ಮನೆಗೆ ಬಂದಿದ್ದ. ಎಂದಿನಂತೆ ಹಿತ್ತಲ ಬಾಗಿಲಿಗೆ ಬರಲಿಲ್ಲ, ಮುಂದಿನ ಜಗಲಿಗೆ ಬಂದ. ವಾರಕ್ಕೆ ಒಂದು ದಿನ ರಜ ಕೊಡಬೇಕು, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಓಡಿಸುವುದಿಲ್ಲ ಎಂದ. ಇರುವುದೊಂದು ಬಸ್ಸು, ಒಬ್ಬ ಡ್ರೈವರು. ನೀನು ರಜ ಮಾಡಿದರೆ ಬಸ್ಸಿಗೂ ರಜ, ತೆರಿಗೆಗೆ ಮಾತ್ರ ರಜವಿಲ್ಲ ಎಂದೆ. ಅವನು ಅಲ್ಲಿಂದ ಕದಲಲಿಲ್ಲ. ನನಗೆ ಸಿಟ್ಟು ಬಂತು. ನಿನಗೆ ಏನು ಕಡಿಮೆ ಮಾಡಿದ್ದೇನೆ ಎಂದು ಕೇಳಿದೆ.

"ಏನೂ ಕಮ್ಮಿ ಮಾಡಿಲ್ಲ ಬುದ್ದಿ. ಅಬ್ಬ ಬಂದ್ರೆ ಬಟ್ಟೆ ಕೊಡ್ತೀರಿ. ಅಮ್ಮೋರು ಉಣ್ಣಕ್ಕಿಕ್ತಾರೆ. ಆದ್ರೆ ಅದು ನೀವಾಗಿ ಕೊಟ್ಟಿದ್ದು. ಈಗ ನಾನು ಕೇಳ್ತಾ ಇವ್ನಿ" ಎಂದ.

ಅಷ್ಟು ಹೇಳಿ ಹೋದ. ಇವತ್ತು ಬೆಳಿಗ್ಗೆ ಎಂದಿನ ಹಾಗೇ ಗಾಡಿ ತೊಳೆದು ಹೊರಡಿಸಿದ. ಎಂದಿನ ಹಾಗೇ ಇದ್ದುದನ್ನು ಕಂಡು ನನಗೆ ಇನ್ನೂ ಸಂಕಟವಾಯಿತು.

ಗುರುಪಾದ


ಕೋಯಮತ್ತೂರು
8-10-1967

ತಮ್ಮನಿಗೆ ಹರಕೆ.

ಕಾಗದ ಓದಿದೆ. ಈ ಸಲ ಇವರಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ರಂಗನಾಯಕನ ಕಡೆ ಮಾತಾಡುತ್ತಿದ್ದರು, ನನಗೆ ಅದು ಬೇಡವಾಗಿತ್ತು.

ನನಗನ್ನಿಸಿದ್ದು ಬರೆಯುತ್ತೇನೆ. ಮುಂದಿನ ಬಾಗಿಲಿಗೆ ಬಂದನೆಂದು ನಿನಗೆ ನೋವಾಗಿದೆ, ರಜ ಕೇಳಿದ್ದಕ್ಕಲ್ಲ. ಕೊಟ್ಟುಬಿಡು. ವಾರದಲ್ಲಿ ಒಂದು ದಿನ ಬಸ್ಸು ನಿಂತರೆ ಆಕಾಶ ಬೀಳುವುದಿಲ್ಲ. ನೀವಿಬ್ಬರೂ ಒಂದು ವಾರ ಮುಖ ತಿರುಗಿಸಿಕೊಂಡು ಆಮೇಲೆ ಸರಿಹೋಗುತ್ತೀರಿ ಎಂದು ನನಗೆ ಧೈರ್ಯವಿದೆ. ಚಿಕ್ಕಂದಿನಲ್ಲಿ ನೀನು ನನ್ನ ಹತ್ತಿರ ಹಾಗೆ ತಾನೆ ಮಾಡುತ್ತಿದ್ದದ್ದು?

ಶಿವರತ್ನ


ಕೊಳ್ಳೇಗಾಲ
2-4-1968

ಅಕ್ಕ,

ನೀನು ಹೇಳಿದ ಹಾಗೆ ಸರಿಹೋಗಲಿಲ್ಲ.

ಯುಗಾದಿಗೆ ಮುಂಚೆ ಎಲ್ಲ ಖಾಸಗಿ ಬಸ್ಸುಗಳನ್ನೂ ನಿಲ್ಲಿಸಿದರು. ನಾಲ್ಕಾರು ಬಸ್ಸು ಇರುವ ಧಣಿಗಳು ಕೂತು ಮಾತಾಡಿ ಸಂಘ ಕೇಳಿದ್ದನ್ನು ಒಪ್ಪಿದರು. ಅವರಿಗೆ ಬದಲಿ ಡ್ರೈವರು ಇಟ್ಟುಕೊಳ್ಳುವುದು ಕಷ್ಟವಿಲ್ಲ. ಅವರ ಬಸ್ಸೆಲ್ಲ ಓಡುತ್ತಿವೆ. ಒಂದು ಬಸ್ಸಿನವನು ನಾನೊಬ್ಬ ಉಳಿದೆ. ನನ್ನ ಬಸ್ಸು ಛತ್ರದ ಪಕ್ಕ ನಿಂತಿದೆ. ಅದರ ಮುಂದೆ ರಂಗನಾಯಕ, ಕಂಡಕ್ಟರ್ ಕೆಂಚಯ್ಯ, ಇನ್ನೂ ಕೆಲವರು ಚಾಪೆ ಹಾಸಿಕೊಂಡು ಕೂತಿದ್ದಾರೆ.

ತೆರಿಗೆ ಆಫೀಸಿಗೆ ಹೋಗಿ, ಬಸ್ಸು ನಿಂತಿದೆ, ಈ ಕಂತು ಬಿಡಿ ಎಂದೆ. "ನಿಲ್ಲಿಸೋ ಮೊದಲೇ ಅರ್ಜಿ ಕೊಡಬೇಕಾಗಿತ್ತು" ಎಂದರು. ಮುಷ್ಕರವಾಗುವುದು ನನಗೇನು ಗೊತ್ತು ಎಂದರೆ, "ನಿಮ್ಮ ಕೆಲಸದೋರು ನಿಮಗೆ ಹೇಳಲಿಲ್ವೇ?" ಎಂದು ನಕ್ಕರು. ಅಲ್ಲಿಂದ ಬಸ್ಸಿನ ಹತ್ತಿರ ಬಂದು, ನೀವಾದರೂ ಬಿಡಿ ಎಂದರೆ ರಂಗನಾಯಕ, "ಒಬ್ರಿಗೆ ಬುಟ್ರೆ ಎಲ್ರಿಗೂ ಬುಡ್ಬೇಕಾಯ್ತದೆ ಬುದ್ದಿ. ಸಂಘ ಒಪ್ಪಾಕಿಲ್ಲ" ಎಂದ. ಆಫೀಸಿನವರ ಮಾತೂ ಅವನ ಮಾತೂ ಒಂದೇ ಬಾಯಿಂದ ಬಂದ ಹಾಗಿತ್ತು.

ನಿನ್ನನ್ನು ಒಂದು ಕೇಳುತ್ತೇನೆ. ನನಗೆ ಒಬ್ಬ ಡ್ರೈವರು ಬೇಕು. ಇಲ್ಲಿಯವರು ಯಾರೂ ಬರುವುದಿಲ್ಲ. ಕೆಂಪನಂಜಪ್ಪ ಲಾರಿ ಬಿಟ್ಟು ಬರುತ್ತೇನೆ ಎನ್ನುತ್ತಾನೆಂದು ಹಿಂದೆ ಬರೆದಿದ್ದೆಯಲ್ಲ. ಅವನನ್ನು ಕಳಿಸು. ಭಾವನವರಿಗೆ ಹೇಳಬೇಡ. ಹೇಳಿದರೆ ಬಿಡುವುದಿಲ್ಲ.

ಗುರುಪಾದ


ಕೋಯಮತ್ತೂರು
9-4-1968

ತಮ್ಮ,

ಕೆಂಪನಂಜಪ್ಪ ನಾಳೆ ಹೊರಡುತ್ತಾನೆ. ಮಾದಪ್ಪನ ಬೆಟ್ಟಕ್ಕೆ ಹರಕೆ ಇದೆ ಎಂದು ಇವರಿಗೆ ಹೇಳಿದ್ದೇನೆ. ಇವರು ದಾರಿಖರ್ಚು ಕೊಟ್ಟು, "ನಂದೂ ಒಂದು ಕಾಯಿ ಒಡೆಸ್ಕೊಂಡ್ ಬಾ" ಎಂದರು.

ನೀನು ನನ್ನನ್ನು ಏನನ್ನೂ ಕೇಳಿದವನಲ್ಲ. ಅದಕ್ಕೆ ಕಳಿಸುತ್ತಿದ್ದೇನೆ. ಒಂದು ವಾರ ಓಡಿಸಲಿ. ಅಷ್ಟರಲ್ಲಿ ನೀನು ರಂಗನಾಯಕನನ್ನು ಕರೆದು ಮಾತಾಡು.

ಶಿವರತ್ನ


ಕೊಳ್ಳೇಗಾಲ
21-4-1968

ಅಕ್ಕ,

ತಂತಿ ಸೇರಿರಬೇಕು. ಅದರಲ್ಲಿ ಎಲ್ಲ ಬರೆಯಲಾಗಲಿಲ್ಲ.

ಕೆಂಪನಂಜಪ್ಪನಿಗೆ ಪೆಟ್ಟಾಗಿಲ್ಲ. ಹನೂರಿನ ಪೊಲೀಸ್ ಠಾಣೆಯಲ್ಲಿದ್ದಾನೆ. ಊಟ ತೆಗೆದುಕೊಂಡು ಹೋದೆ. ಮುಟ್ಟಲಿಲ್ಲ.

ಮೊದಲೆರಡು ದಿನ ಬಸ್ಸು ಓಡಿತು. ಪೊಲೀಸಿನವರು ಜೊತೆಗಿದ್ದರು. ಕೆಂಚಯ್ಯ ಇರಲಿಲ್ಲವಾದ್ದರಿಂದ ನಾನೇ ಚೀಲ ಹಾಕಿಕೊಂಡು ಟಿಕೆಟ್ ಹರಿದೆ. ಗುರುವಾರ ಹನೂರಿನ ಸ್ಟ್ಯಾಂಡಿನಲ್ಲಿ ಅವರೆಲ್ಲ ಬಸ್ಸಿನ ಮುಂದೆ ಬಂದು ಕೂತರು. ಪೊಲೀಸಿನವರು ಒಬ್ಬೊಬ್ಬರನ್ನೇ ಎತ್ತಿ ಪಕ್ಕಕ್ಕೆ ಕೂರಿಸಿದರು. ದಾರಿಯಾಯಿತು. ನಾನು ಹಿಂದಿನ ಬಾಗಿಲಲ್ಲಿ ನಿಂತು ಸೀಟಿ ಊದಿದೆ. ಕೆಂಪನಂಜಪ್ಪ ಬಸ್ಸು ಎತ್ತಿದ.

ಎಲ್ಲರೂ ಮುಂದೆ ಇದ್ದರು ಅಂದುಕೊಂಡಿದ್ದೆವು. ರಂಗನಾಯಕ ಮಾತ್ರ ಬಾಗಿಲಿಲ್ಲದ ಕಡೆಯಿಂದ ಬಂದು ಹಿಂದಿನ ಚಕ್ರದ ಮುಂದೆ ಮಲಗಿದ್ದನಂತೆ. ಅಲ್ಲಿಗೆ ಡ್ರೈವರಿನ ಕಣ್ಣು ಹೋಗುವುದಿಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೀಟಿ ಊದುವವನು ನೋಡುತ್ತಾನೆ ಎಂದು ಮಲಗಿದನೋ ಏನೋ. ನಾನು ಬಾಗಿಲಿನ ಕಡೆ ಮಾತ್ರ ನೋಡಿ ಊದಿದೆ.

ಬಸ್ಸು ಒಂದು ಕಲ್ಲು ಹತ್ತಿದ ಹಾಗಾಯಿತು. ಅಷ್ಟೆ.

ಬಲಗಾಲು. ಮೈಸೂರಿನ ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ತೆಗೆದರು. ಜೀವಕ್ಕೆ ಭಯವಿಲ್ಲವಂತೆ. ನಾನು ಆಸ್ಪತ್ರೆಯ ಗೇಟಿನವರೆಗೆ ಹೋದೆ. ಅಲ್ಲಿ ಬಾವುಟ ಹಿಡಿದವರು ಬಹಳ ಜನ ಇದ್ದರು. ಅವನ ಹೆಂಡತಿ ಪುಟ್ಟಗೌರಮ್ಮ ಮರದಡಿ ಕೂತಿದ್ದಳು. ನನ್ನನ್ನು ನೋಡಿದಳು. ತಲೆಯ ಮೇಲಿನ ಸೆರಗು ಎಳೆದುಕೊಂಡು ಆ ಕಡೆ ತಿರುಗಿದಳು. ನಾನು ವಾಪಸು ಬಂದೆ.

ಬಸ್ಸನ್ನು ಠಾಣೆಯ ಹಿಂದೆ ನಿಲ್ಲಿಸಿದ್ದಾರೆ. ಕೇಸು ಮುಗಿಯುವ ತನಕ ಮುಟ್ಟುವಂತಿಲ್ಲ.

ಭಾವನವರಿಗೆ ಏನು ಹೇಳುತ್ತೀಯೆ? ನಾನು ಬಂದು ಹೇಳಲೇ?

ಗುರುಪಾದ


ಕೋಯಮತ್ತೂರು
30-4-1968

ತಮ್ಮ,

ನೀನು ಬರುವುದು ಬೇಡ. ಇವರಿಗೆ ಗೊತ್ತಾಗಿದೆ. ನಾನೇ ಹೇಳಿದೆ.

ಇವರು ಕ್ಷೇಮ. ನಾನೂ ಕ್ಷೇಮ. ಕೆಂಪನಂಜಪ್ಪನಿಗೆ ಒಳ್ಳೆಯ ವಕೀಲರನ್ನು ಇಡು. ರಂಗನಾಯಕನ ಮನೆಗೆ ರಾಗಿ ಕಳಿಸು. ಯಾರ ಕೈಯಲ್ಲಾದರೂ ಕಳಿಸು, ನಿನ್ನ ಹೆಸರು ಹೇಳಿಸಬೇಡ.

ಶಿವರತ್ನ


ಕೊಳ್ಳೇಗಾಲ
18-2-1969

ಅಕ್ಕ,

ಕೆಂಪನಂಜಪ್ಪನಿಗೆ ಆರು ತಿಂಗಳು ಶಿಕ್ಷೆಯಾಯಿತು. ಸೀಟಿ ಊದಿದವನು ನಾನು ಎಂದು ಕಟಕಟೆಯಲ್ಲಿ ಹೇಳಿದೆ. ನ್ಯಾಯಾಧೀಶರು ಬರೆದುಕೊಂಡರು. ಆದರೂ ಚಕ್ರ ತಿರುಗಿಸಿದವನು ಡ್ರೈವರು ಎಂದರು. ಅವನ ಲೈಸೆನ್ಸು ಹೋಯಿತು. ಸಂಘದವರು ರಂಗನಾಯಕನನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ಅವನು ನನ್ನ ಕಡೆ ಒಂದು ಸಲ ನೋಡಿದ. ಸಿಟ್ಟಿನಿಂದಲ್ಲ. ದಾರಿಯಲ್ಲಿ ಯಾರೋ ಹೋಗುವವರನ್ನು ನೋಡುವ ಹಾಗೆ.

ರಾಗಿ ವಾಪಸು ಬಂತು. ಹೆಸರು ಹೇಳಿಸಿರಲಿಲ್ಲ, ಚೀಲದ ಗುರುತು ಸಿಕ್ಕಿತಂತೆ.

ಬಸ್ಸು ಇನ್ನೂ ಠಾಣೆಯ ಹಿಂದೆ ಇದೆ. ಅದರ ಮೇಲೆ ತೆರಿಗೆಯ ನೋಟೀಸು ಬಂದಿದೆ. ಸರ್ಕಾರವೇ ಹಿಡಿದಿಟ್ಟುಕೊಂಡ ಬಸ್ಸಿಗೆ ಸರ್ಕಾರವೇ ತೆರಿಗೆ ಕೇಳುತ್ತಿದೆ. ಆಫೀಸಿಗೆ ಹೋಗಿ ಹೇಳಿದೆ. ಪರ್ಮಿಟ್ಟು ರದ್ದು ಮಾಡಿಸಿಕೊಳ್ಳದೆ ತೆರಿಗೆ ನಿಲ್ಲುವುದಿಲ್ಲ, ಬಾಕಿ ಕಟ್ಟದೆ ಪರ್ಮಿಟ್ಟು ರದ್ದಾಗುವುದಿಲ್ಲ ಎಂದರು. ಮೊದಲಾಗಿದ್ದರೆ ಕೂಗಾಡುತ್ತಿದ್ದೆ. ಈಗ ಕೇಳಿಕೊಂಡು ಹೊರಗೆ ಬಂದು ಟೀ ಕುಡಿದೆ.

ಭಾವನವರು ತಮ್ಮನ ಕೇಸಿಗೂ ಬರಲಿಲ್ಲ. ನನ್ನ ಕಾಗದಕ್ಕೂ ಒಂದು ಸಾಲು ಬರೆಯಲಿಲ್ಲ. ಅವರು ದೊಡ್ಡ ಲೀಡರು, ಕೆಲಸ ಇರುತ್ತದೆ. ನಮ್ಮಂಥ ಧಣಿಗಳ ಮನೆ ಹೊಸ್ತಿಲು ಯಾಕೆ ತುಳಿಯುತ್ತಾರೆ? ನೀನೂ ಅವರ ಮಾತು ಕೇಳಿಯೇ ಇಷ್ಟಿಷ್ಟು ಬರೆಯುತ್ತಿದ್ದೀಯೆ ಎಂದು ಕಾಣುತ್ತದೆ.

ಗುರುಪಾದ


ಕೋಯಮತ್ತೂರು
11-1-1970

ತಮ್ಮ,

ಸಂಕ್ರಾಂತಿ ಬರುತ್ತಿದೆ. ಇಲ್ಲಿ ಪೊಂಗಲಿಗೆ ಬೀದಿಯಲ್ಲೆಲ್ಲ ಸುಣ್ಣ ಬಳಿಯುತ್ತಿದ್ದಾರೆ. ನಮ್ಮ ರಾಜ್ಯಕ್ಕೆ ತಮಿಳುನಾಡು ಎಂದು ಹೆಸರಿಟ್ಟು ವರ್ಷವಾಯಿತು. ಕೆಂಪನಂಜಪ್ಪ ಬಿಡುಗಡೆಯಾಗಿ ಬಂದು ಎರಡು ದಿನ ಇದ್ದ. ಸೇಲಂನಲ್ಲಿ ಗ್ಯಾರೇಜಿನ ಕೆಲಸ ಸಿಕ್ಕಿದೆ ಎಂದು ಹೋದ. ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸವಂತೆ.

ನೀನು ಬರೆದದ್ದಕ್ಕೆ ನನಗೆ ಬೇಸರವಿಲ್ಲ. ಸಿಟ್ಟು ಮಾಡುವಷ್ಟು ಚೇತರಿಸಿಕೊಂಡಿದ್ದೀಯೆ ಎಂದುಕೊಂಡೆ. ಇವರು ಕ್ಷೇಮ. ಮಾತು ಕಡಿಮೆ. ಮನೆ ಶಾಂತವಾಗಿದೆ. ಈಗ ಜಗಲಿಗೆ ಯಾರೂ ಬರುವುದಿಲ್ಲವಾದ್ದರಿಂದ ಕಾಫಿ ಕಾಯಿಸುವ ಕೆಲಸವೂ ಇಲ್ಲ.

ಬಸ್ಸನ್ನು ಠಾಣೆಯಿಂದ ಬಿಟ್ಟರೇ?

ಶಿವರತ್ನ


ಕೊಳ್ಳೇಗಾಲ
5-3-1970

ಅಕ್ಕ,

ಬಸ್ಸು ಬಿಟ್ಟರು. ರಿಪೇರಿ ನಡೆಯುತ್ತಿದೆ. ಮಳೆಗಾಲದೊಳಗೆ ಓಡುತ್ತದೆ. ನೀವು ನೆಮ್ಮದಿಯಾಗಿರುವುದು ತಿಳಿದು ಸಮಾಧಾನ. ಭಾವನವರಿಗೆ ವಯಸ್ಸಾಯಿತು, ಸಂಘದ ಗದ್ದಲ ಕಡಿಮೆ ಮಾಡಿಕೊಂಡದ್ದು ಒಳ್ಳೆಯದಾಯಿತು.

ಗುರುಪಾದ


ಕೊಳ್ಳೇಗಾಲ
27-8-1972

ಅಕ್ಕ,

ಎರಡು ವರ್ಷದ ಮೇಲಾಯಿತು. ನೀನು ಬರೆದ ಕಾಗದಗಳು ಬಂದಿವೆ. ಉತ್ತರ ಬರೆಯಲಿಲ್ಲ, ಯಾಕೆಂದರೆ ಬಸ್ಸು ಓಡುತ್ತದೆ ಎಂದು ಬರೆದಿದ್ದೆ. ಅದು ಓಡಲಿಲ್ಲ. ರಿಪೇರಿಯೂ ನಡೆಯಲಿಲ್ಲ. ಠಾಣೆಯ ಹಿಂದೆಯೇ ಚಕ್ರದ ತನಕ ಹುಲ್ಲು ಬೆಳೆದಿತ್ತು. ತೆರಿಗೆ ಬಾಕಿಗೆ ಅಲ್ಲಿಂದಲೇ ಹರಾಜು ಹಾಕಿದರು. ಸೇಲಂ ಕಡೆಯ ಗುಜರಿಯವರು ಕೊಂಡರು. ಎಳೆದುಕೊಂಡು ಹೋಗುವ ದಿನ ನಾನು ಯಳಂದೂರಿನಲ್ಲಿ ಯಾವುದೋ ಮದುವೆಗೆ ಹೋಗಿದ್ದೆ. ಬಂದಾಗ ಚನ್ನಮಲ್ಲಮ್ಮ, "ಓಯ್ತು" ಎಂದಳು. ಊಟಕ್ಕೆ ಕೂತೆ.

ಹರಾಜಿಗೆ ಮುಂಚೆ ಸಂಘದವರು ಹೊಸ ಮಜೂರಿ, ರಜ, ಎಲ್ಲವನ್ನೂ ನನ್ನ ಬಸ್ಸಿಗೂ ಅನ್ವಯಿಸಿ ಆದೇಶ ತಂದಿದ್ದರು. ಅದರ ಪ್ರತಿ ನನಗೂ ಬಂತು. ಅವರು ಗೆದ್ದಿದ್ದರು. ಕೆಂಚಯ್ಯ ಆ ಹೊತ್ತಿಗೆ ಹನೂರಿನಲ್ಲಿ ಸೌದೆ ಹೊರುತ್ತಿದ್ದ.

ಈಗ ನನ್ನ ಸಂಗತಿ. ಮೈಸೂರಿನವರ ಒಂದು ಬಸ್ ಕಂಪನಿಗೆ ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡಲು ಕೂತಿದ್ದೇನೆ. ತಿಂಗಳ ಸಂಬಳ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಸೇರಿದ ವಾರವೇ ಕಿಟಕಿಯ ಹತ್ತಿರ ಊರುಗೋಲಿನ ಸದ್ದಾಯಿತು. ರಂಗನಾಯಕ. ಈಗ ಸ್ಟ್ಯಾಂಡಿನ ಸಂಘಕ್ಕೆ ಅವನೇ ಕಾರ್ಯದರ್ಶಿ, ಮೂಲೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಮೊದಲ ಸಲ ಅವನು ನನ್ನನ್ನು ಹೆಸರಿನಿಂದ ಕರೆದ.

"ಗುರುಪಾದಸ್ವಾಮಿಯೋರೆ, ಸ್ಟ್ಯಾಂಡ್ನಲ್ಲಿ ಕೆಲ್ಸ ಮಾಡೋರೆಲ್ಲ ಸಂಘದಲ್ಲಿರ್ಬೇಕು."

"ಬೇಡ ಅಂದ್ರೆ?"

"ಬ್ಯಾಡ ಅಂದ್ರೆ ನಿಮ್ಮಿಷ್ಟ. ನಾಳಿಕ್ಕೆ ಕಂಪ್ನಿಯೋರು ಓಗು ಅಂದ್ರೆ ನಿಮ್ ಪರ್ವಾಗಿ ಕೇಳಾಕೆ ಯಾರೂ ಇರಾಕಿಲ್ಲ."

ಹೆಸರು ಬರೆಸಿದೆ. ಅವನು ಕಿಟಕಿಯ ಕಟ್ಟೆಯ ಮೇಲೆ ಚೀಟಿ ಇಟ್ಟು ಬರೆದುಕೊಟ್ಟ. ಊರುಗೋಲು ಜಾರಿತು. ನಾನು ಕಿಟಕಿಯಿಂದ ಕೈ ಚಾಚಿ ಹಿಡಿದುಕೊಂಡಿದ್ದೆ, ಬರೆದು ಮುಗಿಸುವ ತನಕ.

ನನಗೆ ವಾರಕ್ಕೊಂದು ರಜ ಇದೆ ಅಕ್ಕ. ಆ ದಿನ ಏನು ಮಾಡಬೇಕೋ ತಿಳಿಯುವುದಿಲ್ಲ. ಸ್ಟ್ಯಾಂಡಿಗೇ ಹೋಗಿ ಕೂರುತ್ತೇನೆ.

ಗುರುಪಾದ


ಕೋಯಮತ್ತೂರು
4-6-1974

ತಮ್ಮ,

ಇವರು ಮನೆಯಲ್ಲಿಲ್ಲ. ಮೊನ್ನೆ ಮಿಲ್ಲಿನಿಂದ ನಿವೃತ್ತಿಯಾಯಿತು. ಹಾರ ಹಾಕಿ ಮನೆಗೆ ತಂದು ಬಿಟ್ಟರು. ನಿನ್ನೆ ಬೆಳಿಗ್ಗೆ ಚೀಲದಲ್ಲಿ ಒಂದು ಪಂಚೆ, ಟವಲು ಇಟ್ಟುಕೊಂಡು ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂದರೆ, ಆರು ವರ್ಷದಿಂದ ನಾವು ಮಾತಾಡಿಲ್ಲ.

ಆ ತಂತಿ ಬಂದ ಸಂಜೆ ನಾನು ಎಲ್ಲ ಹೇಳಿದೆ. ಕೇಳಿಸಿಕೊಂಡರು. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಆವತ್ತಿನಿಂದ ಮಾತು ನಿಂತಿತು. ನೀರು ಬೇಕಾದರೆ ಲೋಟ ಬೋರಲು ಹಾಕುತ್ತಾರೆ. ಸಂಬಳ ತಂದು ಒರಳಿನ ಮೇಲೆ ಇಡುತ್ತಾರೆ. ನಾನೂ ಮೊದಮೊದಲು ಮಾತಾಡಿಸುತ್ತಿದ್ದೆ. ಆಮೇಲೆ ಬಿಟ್ಟೆ. ಕ್ಷೇಮ ಎಂದು ನಿನಗೆ ಬರೆದದ್ದು ಸುಳ್ಳಲ್ಲ, ಜ್ವರ ಗಿರ ಯಾರಿಗೂ ಬಂದಿರಲಿಲ್ಲ.

ಆ ಕಡೆ ಬಂದರೆ ಒಂದು ಕಾರ್ಡು ಬರಿ.

ಶಿವರತ್ನ


ಕೊಳ್ಳೇಗಾಲ
9-6-1974

ಅಕ್ಕ,

ಭಾವನವರು ಇಲ್ಲಿದ್ದಾರೆ. ಇನ್ನು ನಾಲ್ಕು ದಿನ ಇಟ್ಟುಕೊಂಡು ಬಸ್ಸಿಗೆ ಕೂರಿಸುತ್ತೇನೆ. ನಿನ್ನ ಕಾಗದ ಬರುವ ಮುಂಚೆಯೇ ಅವರು ಬಂದಿದ್ದರು. ನಾನು ಕಿಟಕಿಯಲ್ಲಿದ್ದೆ. ತಲೆಯೆಲ್ಲ ನರೆತವರೊಬ್ಬರು ಬಂದು, "ಮೋಟಾರು ಸಂಘದ ಆಫೀಸು ಎಲ್ಲದೆ?" ಎಂದು ಕೇಳಿದರು. ಕಟ್ಟೆಯ ಮೇಲೆ ಇಟ್ಟ ಕೈಯಲ್ಲಿ ಎರಡು ಬೆರಳು ಇರಲಿಲ್ಲ. ಭಾವ ಎಂದೆ. ನನ್ನ ಮುಖ ನೋಡಿದರು, ಕಿಟಕಿಯ ಒಳಗೆಲ್ಲ ನೋಡಿದರು. "ನಿನ್ನ ನೋಡಾಕೆ ಆಮೇಲೆ ಬತ್ತೀನಿ. ಮೊದ್ಲು ಅವ್ರನ್ನ ನೋಡ್ಬೇಕು" ಎಂದರು.

ನಾನೇ ಕರೆದುಕೊಂಡು ಹೋದೆ. ರಂಗನಾಯಕ ಯಾವುದೋ ಕಂಡಕ್ಟರಿನ ಅರ್ಜಿ ಬರೆಯುತ್ತಿದ್ದ. ಇವರು ನಮ್ಮ ಭಾವ ಸದಾಶಿವಪ್ಪನವರು ಎಂದೆ. ಭಾವನವರು ಕೂರಲಿಲ್ಲ. ನಿಂತುಕೊಂಡೇ ಹೇಳಿದರು: ಆವತ್ತು ಬಸ್ಸು ಓಡಿಸಿದವನು ನನ್ನ ತಮ್ಮ. ಕಳಿಸಿದ್ದು ನನ್ನ ಮನೆಯಿಂದ. ದಾರಿಖರ್ಚು ಕೊಟ್ಟವನು ನಾನು. ಮಿಲ್ಲಿನ ಗೇಟ್ ಮೀಟಿಂಗಿನಲ್ಲಿ, ಮುಷ್ಕರ ಮುರಿಯಲು ಆಳು ಹೋದದ್ದು ಯಾರ ಮನೆಯಿಂದ ಎಂದು ಯಾರೋ ಕೂಗಿದರು. ನಾನೇ ಎದ್ದು ನನ್ನ ಮನೆಯಿಂದ ಎಂದೆ. ಆವತ್ತೇ ಕಾರ್ಯದರ್ಶಿ ಕೆಲಸ ಬಿಟ್ಟೆ. ನಿಮ್ಮ ಮುಂದೆ ಬಂದು ಹೇಳಲು ಆಗಿರಲಿಲ್ಲ. ಈಗ ಹೇಳಿದ್ದೇನೆ.

ಇದೊಂದೂ ನನಗೆ ಗೊತ್ತಿರಲಿಲ್ಲ ಅಕ್ಕ. ಅವರು ಗದ್ದಲ ಕಡಿಮೆ ಮಾಡಿಕೊಂಡರು ಎಂದು ನಿನಗೆ ಬರೆದಿದ್ದೆ.

ರಂಗನಾಯಕ ಪೆನ್ನು ಕೆಳಗಿಟ್ಟ. "ಕುಂತ್ಕಳಿ ಸಾ" ಎಂದ. ಭಾವನವರು ಕೂತರು.

"ನಿಮ್ಮನೆ ಅಮ್ಮೋರು ಕಳ್ಸಿದ್ದು ಒಬ್ ಡ್ರೈವರ್ನ. ತಮ್ಮಂಗೆ ಕಷ್ಟ ಅಂತ ಕಳ್ಸವ್ರೆ. ರೋಡ್ ಮ್ಯಾಲೆ ಮಲಗ್ದೋನು ನಾನು. ಮಲಕ್ಕೋ ಅಂತ ಸಂಘನೂ ಯೋಳಿರ್ಲಿಲ್ಲ. ಸೀಟಿ ಊದೋದು ಇವ್ರು ಅಂತ ಗೊತ್ತಿತ್ತು. ನೋಡ್ದೆ ಊದಾಕಿಲ್ಲ ಅನ್ಕಂಡಿದ್ದೆ" ಎಂದ.

ನನ್ನನ್ನು ನೋಡದೆ ಹೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ.

ಪೆನ್ನಿನ ಮುಚ್ಚಳ ಹಾಕಿ, "ಮನೇಲಿ ಅಮ್ಮೋರು ಚೆನ್ನಾಗವ್ರಾ?" ಎಂದು ಕೇಳಿದ. ಭಾವನವರು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನೇ ನೋಡುತ್ತ ಕೂತರು. ರಂಗನಾಯಕ ಅವರ ಮುಖ ನೋಡಿದ. ಆಮೇಲೆ, "ಓಗಿ ಸಾ. ಮನೀಗ್ ಓಗಿ" ಎಂದ.

ಹೊರಗೆ ಬಂದು ನಾವಿಬ್ಬರೂ ಟೀ ಕುಡಿದೆವು. ನನಗೆ ಏನೋ ಹಗುರವಾಗಬೇಕಾಗಿತ್ತು. ಆಗಲಿಲ್ಲ. ಹನೂರಿನ ಬಸ್ಸು ಬಂತು, ಟಿಕೆಟ್ ಕೊಡಲು ಹೋದೆ.

ಗುರುಪಾದ


ಕೋಯಮತ್ತೂರು
20-6-1974

ತಮ್ಮ,

ಇವರು ನಿನ್ನ ಕಾಗದದ ಹಿಂದೆಯೇ ಬಂದು ಸೇರಿದರು. ಓದಿಕೊಂಡಿದ್ದೆನಾದ್ದರಿಂದ ಎಲ್ಲ ಗೊತ್ತಿತ್ತು. ಕೈಕಾಲು ತೊಳೆದು ಬಂದರು. ತಟ್ಟೆ ಹಾಕಿದೆ. ಎರಡು ತುತ್ತು ಉಂಡ ಮೇಲೆ ತಲೆ ಎತ್ತದೆ, "ಸಾರಿಗೆ ವಸಿ ಉಪ್ಪು ಕಮ್ಮಿಯಾಗದೆ" ಎಂದರು.

ಉಪ್ಪು ತಂದು ಇಟ್ಟೆ.

ಆರು ವರ್ಷ ಆ ಒಂದು ಮಾತಿಗೆ ಕಾದಿದ್ದೆ. ಬಂದರೆ ಅಳುತ್ತೇನೆ, ಇಲ್ಲವಾದರೆ ಬಾಯಿಗೆ ಬಂದ ಹಾಗೆ ಬಯ್ಯುತ್ತೇನೆ ಎಂದುಕೊಂಡಿದ್ದೆ. ಎರಡೂ ಬರಲಿಲ್ಲ. ಊಟವಾದ ಮೇಲೆ ರಂಗನಾಯಕ ಹೇಳಿದ್ದನ್ನೆಲ್ಲ ಹೇಳಿದರು. ಮಾತಾಡುವ ಅಭ್ಯಾಸ ತಪ್ಪಿದೆ, ನಡುನಡುವೆ ನಿಲ್ಲಿಸಿ ಕೆಮ್ಮುತ್ತಿದ್ದರು. ನಾನು ಅಕ್ಕಿ ಆರಿಸುತ್ತ ಕೇಳಿದೆ. ಹೂಂ ಎಂದೆ. ಅವರಿಗೂ ಅಷ್ಟು ಸಾಕಾದ ಹಾಗೆ ಕಂಡಿತು.

ಮಾರನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಒಳಗಿನಿಂದ "ರತ್ನ, ರತ್ನ" ಎಂದು ಕರೆಯುವುದು ಕೇಳಿಸಿತು. ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಸೇದುತ್ತಲೇ ಇದ್ದೆ.

ಶಿವರತ್ನ